ಫೋನಿಗೆ ಚರ್ಮ ತೋರಿಸುವ ಮುಂಚೆ: ಎಐ ಬಳಸುವವರಿಗೆ ಒಂದೊಂದೇ ಹೆಜ್ಜೆ

ಜಗಳೂರು ಕಡೆಯ ಹಳ್ಳಿಯಲ್ಲಿರುವ ನಮ್ಮ ಚಿಕ್ಕಪ್ಪನ ಮುಂಗೈ ಮೇಲೆ ಒಂದು ತಿಳಿಬಣ್ಣದ ಮಚ್ಚೆ ಎದ್ದಿತ್ತು. ಹತ್ತು ರೂಪಾಯಿ ನಾಣ್ಯಕ್ಕಿಂತ ಒಂಚೂರು ದೊಡ್ಡದು. ಅವರ ಮಗ ಫೋಟೋ ತೆಗೆದು ಒಂದು ಎಐ ಆ್ಯಪ್‌ಗೆ ಹಾಕಿದ. ‘ಚಿಬ್ಬು ಇರಬಹುದು’ ಅಂತ ಉತ್ತರ ಬಂತು. ಔಷಧಿ ಅಂಗಡಿಯಿಂದ ಫಂಗಸ್ ಮುಲಾಮು ತಂದು ನಾಲ್ಕು ತಿಂಗಳು ಹಚ್ಚಿದರು. ಮಚ್ಚೆ ಇದ್ದ ಹಾಗೇ ಇತ್ತು. ಮೆಕ್ಕೆಜೋಳ ಮಾರಲು ದಾವಣಗೆರೆ ಎಪಿಎಂಸಿಗೆ ಬಂದಿದ್ದಾಗ ನಾನೇ ಹಟ ಹಿಡಿದು ಚರ್ಮದ ಡಾಕ್ಟರ್ ಹತ್ತಿರ ಕರೆದುಕೊಂಡು ಹೋದೆ. ‘ತುರ್ಸಲ್ಲ, ನೋಯಲ್ಲ, ಇದಕ್ಯಾಕವ್ವ ಡಾಕ್ಟ್ರು’ ಅಂತ ದಾರಿಯುದ್ದಕ್ಕೂ ಹೇಳುತ್ತಲೇ ಬಂದರು.

ಡಾಕ್ಟರ್ ಸ್ವಲ್ಪ ಹತ್ತಿ ತೆಗೆದು ತುದಿಯನ್ನು ಬತ್ತಿಯ ಹಾಗೆ ಹೊಸೆದರು. ‘ಕಣ್ಣು ಮುಚ್ಚಿ ಯಜಮಾನ್ರೇ. ನಾನು ಎಲ್ಲಿ ಮುಟ್ಟುತ್ತೀನೋ ಅಲ್ಲಿ ಬೆರಳಿಟ್ಟು ತೋರಿಸಿ’ ಅಂದರು. ಮೊಣಕೈ ಹತ್ತಿರ ಮುಟ್ಟಿದರು, ಚಿಕ್ಕಪ್ಪ ತಕ್ಷಣ ತೋರಿಸಿದರು. ಮಣಿಕಟ್ಟಿನ ಹತ್ತಿರ ಮುಟ್ಟಿದರು, ಅದನ್ನೂ ತೋರಿಸಿದರು. ಆಮೇಲೆ ಮಚ್ಚೆಯ ನಡುವೆ ಒಂದು ಸಲ, ಎರಡು ಸಲ, ಮೂರು ಸಲ ಹತ್ತಿ ಸವರಿದರು. ಚಿಕ್ಕಪ್ಪನ ಬೆರಳು ತೊಡೆ ಮೇಲೇ ಇತ್ತು. ‘ಮುಟ್ಟಿ ಸ್ವಾಮಿ, ಕಾಯ್ತಾ ಇದೀನಿ’ ಅಂದರು.

ಅದು ಕುಷ್ಠರೋಗದ ಶುರುವಿನ ಮಚ್ಚೆ. ತುರಿಸದೇ ಇದ್ದದ್ದು, ನೋಯದೇ ಇದ್ದದ್ದೇ ಅದರ ಗುರುತಾಗಿತ್ತು. ಸರ್ಕಾರಿ ಆಸ್ಪತ್ರೆಯಲ್ಲಿ ಮಾತ್ರೆ ಪೂರ್ತಿ ಉಚಿತ. ಈ ರೋಗಕ್ಕೆ ಬಗೆ ನೋಡಿ 6 ಅಥವಾ 12 ತಿಂಗಳು ಮಾತ್ರೆ ಕೊಡುತ್ತಾರೆ. ಚಿಕ್ಕಪ್ಪ 6 ತಿಂಗಳು ಒಂದೂ ದಿನ ತಪ್ಪಿಸದೆ ನುಂಗಿದರು. ಈಗ ಚೆನ್ನಾಗಿದ್ದಾರೆ, ಹೊಲಕ್ಕೆ ಹೋಗುತ್ತಾರೆ.

ನಾನು ಡಾಕ್ಟರ್ ಅಲ್ಲ. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಆದರೆ ನಮ್ಮ ಬಳಗದಲ್ಲಿ ಯಾರಿಗೆ ಗುಳ್ಳೆ ಎದ್ದರೂ ಫೋಟೋ ನನ್ನ ವಾಟ್ಸ್ಆ್ಯಪ್‌ಗೇ ಬರುತ್ತದೆ, ಜೊತೆಗೆ ‘ಎಐ ಹಿಂಗೆ ಹೇಳಿದೆ, ನಿಜನಾ?’ ಅನ್ನೋ ಪ್ರಶ್ನೆ. ಎಐ ಮುಟ್ಟಬೇಡಿ ಅಂತ ನಾನು ಯಾರಿಗೂ ಹೇಳುವುದಿಲ್ಲ. ಹೇಗೆ ಬಳಸಿದರೆ ಉಪಯೋಗ, ಎಲ್ಲಿ ನಿಲ್ಲಿಸಬೇಕು ಅನ್ನೋದನ್ನು ಇಲ್ಲಿ ಬರೆದಿದ್ದೇನೆ.

ಹೆಜ್ಜೆ 1: ಇದು ಫೋನಿಗೆ ಕೇಳುವ ವಿಷಯವೇ?

ಕೆಲವು ತೊಂದರೆಗಳಿಗೆ ಫೋನ್ ತೆಗೆಯಲೇಬೇಡಿ, ಸೀದಾ ಆಸ್ಪತ್ರೆಗೆ ಹೋಗಿ. ಹೊಸ ಮಾತ್ರೆ ಶುರು ಮಾಡಿದ ಮೇಲೆ ಮೈಮೇಲೆ ದದ್ದು ಎದ್ದು, ಬಾಯಲ್ಲಿ ಕಣ್ಣಲ್ಲಿ ಹುಣ್ಣಾದರೆ, ಚರ್ಮ ಸುಲಿಯಲು ಶುರುವಾದರೆ ಒಂದು ಗಂಟೆಯೂ ಕಾಯಬೇಡಿ. ತುಟಿ, ಮುಖ ಊದಿ ಉಸಿರಾಟ ಕಷ್ಟವಾದರೂ ಹಾಗೇ. ಸಕ್ಕರೆ ಕಾಯಿಲೆ ಇರುವವರ ಕಾಲು ಕೆಂಪಾಗಿ, ಬಿಸಿಯಾಗಿ, ಊತ ಮೇಲೇರುತ್ತಿದ್ದರೆ, ಜ್ವರದ ಜೊತೆ ಮೈಯೆಲ್ಲಾ ದದ್ದಾಗಿದ್ದರೆ, ಹಸುಗೂಸಿಗೆ ಗುಳ್ಳೆ ಎದ್ದಿದ್ದರೆ ಅವತ್ತೇ ತೋರಿಸಿ.

ಸರ್ಪಸುತ್ತಿನ ವಿಷಯ ಬೇರೆಯಾಗಿ ಹೇಳಬೇಕು. ಸೊಂಟದ ಒಂದೇ ಕಡೆ, ಅಥವಾ ಹಣೆಯ ಒಂದೇ ಪಕ್ಕದಲ್ಲಿ ಉರಿ, ಆಮೇಲೆ ನೀರುಗುಳ್ಳೆಗಳ ಗೊಂಚಲು ಬಂದರೆ ಕೆಮ್ಮಣ್ಣು ಹಚ್ಚಿಸಿಕೊಂಡು ಕೂರಬೇಡಿ. ವೈರಸ್ಸಿನ ಮಾತ್ರೆ 72 ಗಂಟೆಯೊಳಗೆ ಶುರು ಮಾಡಿದರೆ ಕೆಲಸ ಚೆನ್ನಾಗಿ ಮಾಡುತ್ತದೆ. ಕಣ್ಣಿನ ಹತ್ತಿರ ಇದ್ದರಂತೂ ದೃಷ್ಟಿಗೇ ಅಪಾಯ.

ಹೆಜ್ಜೆ 2: ಫೋಟೋ ಸರಿಯಾಗಿ ತೆಗೆಯಿರಿ

ಎಐ ಕೊಡುವ ತಪ್ಪು ಉತ್ತರಗಳಲ್ಲಿ ಎಷ್ಟೋ ಫೋಟೋ ಹಂತದಲ್ಲೇ ಹುಟ್ಟುತ್ತವೆ. ಒಳ್ಳೆ ಫೋಟೋ ಡಾಕ್ಟರಿಗೂ ಬೇಕು. ಅದಕ್ಕೇ ಇಲ್ಲಿ ಸ್ವಲ್ಪ ನಿಧಾನ ಮಾಡೋಣ.

ಬೆಳಗ್ಗೆ ಎಂಟರಿಂದ ಹತ್ತರೊಳಗೆ ಮನೆ ಜಗಲಿಯ ನೆರಳಿನಲ್ಲಿ ಕೂತು ತೆಗೆಯಿರಿ. ನೇರ ಬಿಸಿಲು ಬೇಡ. ಚಳ್ಳಕೆರೆ, ಹಿರಿಯೂರಿನ ಮಧ್ಯಾಹ್ನದ ಬಿಸಿಲಿನಲ್ಲಿ ತೆಗೆದರೆ ಮಚ್ಚೆ ಯಾವುದು, ಹೊಳಪು ಯಾವುದು ಗೊತ್ತಾಗುವುದಿಲ್ಲ. ಟ್ಯೂಬ್‌ಲೈಟ್ ಕೆಳಗೆ ಬಣ್ಣ ಬದಲಾಗುತ್ತದೆ. ಫ್ಲ್ಯಾಶ್ ಹಾಕಬೇಡಿ. ಮುಂದಿನ ಕ್ಯಾಮೆರಾ ಬಿಟ್ಟು ಹಿಂದಿನ ಕ್ಯಾಮೆರಾ ಬಳಸಿ, ಬ್ಯೂಟಿ ಮೋಡ್ ಆಫ್ ಮಾಡಿ. ಎಷ್ಟೋ ಫೋನ್‌ಗಳಲ್ಲಿ ಸೆಲ್ಫಿ ತೆಗೆದರೆ ಸಾಕು, ಕೇಳದೇ ಮುಖ ನುಣುಪು ಮಾಡಿಬಿಡುತ್ತವೆ. ನಮ್ಮ ಶಾಲೆಯ ಹುಡುಗಿಯೊಬ್ಬಳು ಮೊಡವೆಗೆ ಅಂತ ಕಳಿಸಿದ್ದ ಫೋಟೋದಲ್ಲಿ ಒಂದೂ ಮೊಡವೆ ಇರಲಿಲ್ಲ!

ಮುಖ ತೊಳೆದುಕೊಳ್ಳಿ. ಕೊಬ್ಬರಿ ಎಣ್ಣೆ, ಪೌಡರ್, ವಿಭೂತಿ, ಅರಿಶಿನ, ಕುಂಕುಮ ಯಾವುದೂ ಇರಬಾರದು. ಬಿಂದಿ ತೆಗೆಯಿರಿ. ಸ್ಟಿಕ್ಕರ್ ಬಿಂದಿಯ ಅಂಟಿನಿಂದಲೇ ಹಣೆಯಲ್ಲಿ ತುರಿಕೆ, ಬಿಳಿ ಕಲೆ ಬರುವುದುಂಟು. ಅದು ಕಾಣಬೇಕಲ್ವಾ?

ಅಡಿಕೆ ಕಾಲದಲ್ಲಿ ಚನ್ನಗಿರಿಯಿಂದ ನಮ್ಮ ಓರಗಿತ್ತಿ ಒಂದು ಫೋಟೋ ಕಳಿಸಿದ್ದಳು. ಹಸಿ ಅಡಿಕೆ ಸುಲಿದು ಸುಲಿದು ಬೆರಳ ತುದಿ, ಉಗುರಿನ ಸಂದಿ ಎಲ್ಲ ಕಪ್ಪು. ಆ ಕಪ್ಪಿನ ನಡುವೆ ನಿಜವಾದ ತೊಂದರೆ ಅಂದರೆ ಹೆಬ್ಬೆರಳ ಪಕ್ಕದ ಒಂದು ಸೀಳು. ಆ್ಯಪ್ ಸೀಳಿನ ಬಗ್ಗೆ ಒಂದು ಮಾತೂ ಹೇಳದೆ ಉಗುರಿನ ಫಂಗಸ್ ಅಂತ ಉದ್ದಕ್ಕೆ ಬರೆದಿತ್ತು. ಅಡಿಕೆ ಕರೆ ಒಂದು ದಿನಕ್ಕೆ ಹೋಗುವಂಥದ್ದಲ್ಲ. ಹಾಗಾಗಿ ಫೋಟೋ ಜೊತೆ ‘ಅಡಿಕೆ ಸುಲಿಯುವ ಕೈ, ಕಪ್ಪು ಬಣ್ಣ ಅದರ ಕರೆ’ ಅಂತ ಬರೆಯಲೇಬೇಕು.

ಮೂರು ಫೋಟೋ ಸಾಕು. ಒಂದು ದೂರದಿಂದ, ಇಡೀ ಕೈ ಅಥವಾ ಇಡೀ ಬೆನ್ನು ಕಾಣುವ ಹಾಗೆ. ಇನ್ನೊಂದು ಒಂದು ಮೊಳ ದೂರದಿಂದ. ಮತ್ತೊಂದು ಒಂದು ಗೇಣಿನಷ್ಟು ಹತ್ತಿರದಿಂದ. ತೀರಾ ಹತ್ತಿರ ಹೋದರೆ ಮಸುಕಾಗುತ್ತದೆ, ಪರದೆ ಮೇಲೆ ಆ ಜಾಗ ಒತ್ತಿ ಫೋಕಸ್ ಆದ ಮೇಲೆ ಕ್ಲಿಕ್ ಮಾಡಿ. ಇವಲ್ಲದೆ, ಪಕ್ಕದಲ್ಲಿ ಮಕ್ಕಳ ಸ್ಕೇಲ್ ಇಟ್ಟು ಒಂದು ಫೋಟೋ ಬೇರೆಯಾಗಿ ತೆಗೆಯಿರಿ. ಅದು ಡಾಕ್ಟರಿಗೆ. ಎಐಗೆ ಸ್ಕೇಲ್ ಇರುವ ಫೋಟೋ ಹಾಕಬೇಡಿ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಡಾಕ್ಟರಿಗೆ ವಾಟ್ಸ್ಆ್ಯಪ್‌ನಲ್ಲಿ ಕಳಿಸುವುದಿದ್ದರೆ ‘ಡಾಕ್ಯುಮೆಂಟ್’ ಅಂತ ಕಳಿಸಿ. ಸುಮ್ನೆ ಫೋಟೋ ಅಂತ ಕಳಿಸಿದರೆ ಅದು ಕುಗ್ಗಿ ಹೋಗುತ್ತದೆ, ಸಣ್ಣ ಗುಳ್ಳೆ ಕಾಣುವುದಿಲ್ಲ.

ಹೆಜ್ಜೆ 3: ‘ಇದು ಏನು?’ ಅಂತ ಕೇಳಬೇಡಿ

ಬರೀ ಫೋಟೋ ಹಾಕಿ ಇದು ಏನು ಅಂತ ಕೇಳಿದರೆ ಎಐ ಒಂದು ಹೆಸರು ಹೇಳುತ್ತದೆ. ಆ ಹೆಸರು ನಮ್ಮ ತಲೆಯಲ್ಲಿ ಕೂತುಬಿಡುತ್ತದೆ. ಅದಕ್ಕಿಂತ ನಮ್ಮ ಕಥೆಯನ್ನು ಸರಿಯಾಗಿ ಜೋಡಿಸಿಕೊಡು ಅಂತ ಕೇಳಿ. ನನಗೆ ಎಐ ತುಂಬಾ ಇಷ್ಟವಾಗುವುದೇ ಈ ಕೆಲಸಕ್ಕೆ. ಡಾಕ್ಟರ್ ಮುಂದೆ ಕೂತಾಗ ಎಷ್ಟೋ ಜನಕ್ಕೆ ಮಾತೇ ಹೊರಡುವುದಿಲ್ಲ. ಮನೆಯಲ್ಲಿ ನಿಧಾನಕ್ಕೆ ಕೂತು, ಕನ್ನಡದಲ್ಲೇ, ಬೇಕಿದ್ದರೆ ಬಾಯಲ್ಲೇ ಹೇಳಿ ಬರೆಸಬಹುದು. ಹೀಗೆ ಕೇಳಿ ನೋಡಿ:

‘42 ವರ್ಷದ ಹೆಂಗಸು. ಎರಡೂ ಕೈ ಬೆರಳ ಸಂದಿಯಲ್ಲಿ ಮೂರು ವಾರದಿಂದ ತುರಿಕೆ. ರಾತ್ರಿ ಜಾಸ್ತಿ. ಮನೆಯಲ್ಲಿ ಇಬ್ಬರು ಮಕ್ಕಳಿಗೂ ಶುರುವಾಗಿದೆ. ಒಂದು ಟ್ಯೂಬ್ ಹಚ್ಚಿದ್ದೇನೆ. ಶುಗರ್ ಇಲ್ಲ. ಇದನ್ನು ಡಾಕ್ಟರಿಗೆ ತೋರಿಸಲು ಹತ್ತು ಸಾಲಿನಲ್ಲಿ ಬರೆದುಕೊಡು. ಇನ್ನೇನಾದರೂ ಬೇಕಿದ್ದರೆ ನನ್ನನ್ನೇ ಕೇಳು. ಯಾವ ಲಕ್ಷಣ ಕಂಡರೆ ತಕ್ಷಣ ಹೋಗಬೇಕು ಹೇಳು. ಔಷಧಿ ಹೆಸರು ಹೇಳಬೇಡ.’

ಮನೆಮಂದಿಗೆಲ್ಲ ರಾತ್ರಿ ತುರಿಕೆ ಅನ್ನೋ ಒಂದು ಮಾತಿನಿಂದಲೇ ಡಾಕ್ಟರ್ ಕಜ್ಜಿ ಇರಬಹುದಾ ಅಂತ ನೋಡುತ್ತಾರೆ. ಫೋಟೋದಲ್ಲಿ ಆ ಮಾತು ಇರುವುದಿಲ್ಲ. ನೀವು ಮಾಡುವ ಕೆಲಸವನ್ನೂ ಬರೆಯಿರಿ. ಹೊಲದ ಬದುವಿನಲ್ಲಿ ಕಾಂಗ್ರೆಸ್ ಗಿಡ ಕೀಳುತ್ತೀರಾ? ಕಣ್ಣ ರೆಪ್ಪೆ, ಕುತ್ತಿಗೆ, ಮೊಣಕೈ ಮಡಿಕೆಯಲ್ಲಿ ತುರಿಕೆ ಎದ್ದು, ಊರು ಬಿಟ್ಟು ನಾಲ್ಕು ದಿನ ಇದ್ದರೆ ಕಡಿಮೆಯಾಗಿ, ಮತ್ತೆ ಹೊಲಕ್ಕೆ ಹೋದರೆ ಬರುತ್ತದೆ ಅಂದರೆ ಆ ಗಿಡದ ಅಲರ್ಜಿ ಇರಬಹುದು. ಆ್ಯಪ್ ಅದನ್ನು ‘ಇಸುಬು’ ಅನ್ನುತ್ತದೆ. ಹೆಸರು ತಪ್ಪಲ್ಲ. ಆದರೆ ಇಸುಬು ಯಾಕೆ ಬಂತು ಅನ್ನೋದು ಬದುವಿನ ಮೇಲಿದೆ, ಫೋಟೋದಲ್ಲಿಲ್ಲ.

ಹೆಜ್ಜೆ 4: ಉತ್ತರ ಬಂದಾಗ ಅದು ಎಲ್ಲಿಂದ ಬಂತು ಅಂತ ನೆನಪಿಡಿ

ಎಐ ಚರ್ಮವನ್ನು ಕಲಿತದ್ದು ಫೋಟೋಗಳಿಂದ. 2017ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 1,29,450 ಫೋಟೋ ಕೊಟ್ಟು ಒಂದು ಎಐ ತಯಾರಿಸಿದರು. ಚರ್ಮದ ಕ್ಯಾನ್ಸರ್ ಗುರುತಿಸುವುದರಲ್ಲಿ ಅದು 21 ಚರ್ಮದ ಡಾಕ್ಟರುಗಳಿಗೆ ಸರಿಸಾಟಿಯಾಗಿ ನಿಂತಿತು. ಜಗತ್ತಿನಾದ್ಯಂತ ಸುದ್ದಿಯಾಯಿತು. ಆಮೇಲೆ ಒಂದು ವಿಷಯ ಗೊತ್ತಾಯಿತು. ಡಾಕ್ಟರಿಗೆ ಅನುಮಾನ ಬಂದ ಗಂಟಿನ ಪಕ್ಕದಲ್ಲೇ ಸ್ಕೇಲ್ ಇಟ್ಟು ಫೋಟೋ ತೆಗೆಯುವ ರೂಢಿ ಇತ್ತು. ಹಾಗಾಗಿ ಫೋಟೋದಲ್ಲಿ ಸ್ಕೇಲ್ ಕಂಡರೆ ಎಐ ಕ್ಯಾನ್ಸರ್ ಅನ್ನುವ ಕಡೆಗೆ ವಾಲುತ್ತಿತ್ತು. ಎಐಗೆ ಸ್ಕೇಲ್ ಇಲ್ಲದ ಫೋಟೋ ಹಾಕಿ ಅಂದದ್ದು ಇದಕ್ಕೇ. ಈಗಿನ ಆ್ಯಪ್‌ಗಳು ಬೇರೆಯವು, ಆದರೆ ಅವೂ ಕಲಿಯುವುದು ಹೀಗೇ. ಫೋಟೋದಲ್ಲಿ ಏನೇನಿದೆಯೋ ಎಲ್ಲದರಿಂದ.

ಇನ್ನೊಂದು ನಮಗೆ ನೇರವಾಗಿ ತಟ್ಟುವ ವಿಷಯ. ಕಲಿಸಲು ಬಳಸಿದ ಫೋಟೋಗಳಲ್ಲಿ ಜಾಸ್ತಿ ಬಿಳಿಯರ ಚರ್ಮದವು. 2022ರಲ್ಲಿ ಸ್ಟ್ಯಾನ್‌ಫರ್ಡ್‌ನವರೇ ಬೇರೆ ಬೇರೆ ಬಣ್ಣದ ಚರ್ಮದ 656 ಫೋಟೋ ಆರಿಸಿ ಕೆಲವು ಎಐಗಳನ್ನು ಪರೀಕ್ಷೆ ಮಾಡಿದರು. ಕಪ್ಪು ಚರ್ಮದ ಫೋಟೋಗಳಲ್ಲಿ ಅವು ಜಾಸ್ತಿ ಎಡವಿದವು. ನಮ್ಮ ಕಡೆಯ ಬಹಳಷ್ಟು ಜನರದ್ದು ಗೋಧಿ ಬಣ್ಣದಿಂದ ಕಪ್ಪಿನವರೆಗಿನ ಚರ್ಮ. ಪುಸ್ತಕದಲ್ಲಿ ‘ಕೆಂಪು’ ಅಂತ ಬರೆದಿರುವ ಊತ ನಮ್ಮ ಮೈಮೇಲೆ ಕಂದು, ನೇರಳೆ ಅಥವಾ ಬರೀ ಗಾಢ ಕಪ್ಪಾಗಿ ಕಾಣುತ್ತದೆ. ಹಾಗಾಗಿ ‘ಕೆಂಪಾಗಿಲ್ಲ, ಏನೂ ತೊಂದರೆ ಇಲ್ಲ’ ಅಂತ ಆ್ಯಪ್ ಹೇಳಿದರೆ ಅದನ್ನು ನಂಬಿ ಕೂರಬೇಡಿ. ಕೈಯ ಹಿಂಭಾಗ ಇಟ್ಟು ನೋಡಿ, ಅಕ್ಕಪಕ್ಕಕ್ಕಿಂತ ಬಿಸಿಯಿದೆಯಾ, ಗಟ್ಟಿಯಿದೆಯಾ, ಒತ್ತಿದರೆ ನೋಯುತ್ತಾ ಅಂತ.

ಇನ್ನು ತಿಳಿಬಣ್ಣದ ಅಥವಾ ಸ್ವಲ್ಪ ಕೆಂಪಗಿನ ಮಚ್ಚೆ ಯಾವುದೇ ಇರಲಿ, ಆ್ಯಪ್ ಅದಕ್ಕೆ ಏನೇ ಹೆಸರಿಡಲಿ, ಹತ್ತಿಯ ಎಳೆಯಿಂದ ಮುಟ್ಟಿ ನೋಡಿ. ಪಕ್ಕದ ಚರ್ಮಕ್ಕೆ ಗೊತ್ತಾದಷ್ಟು ಅಲ್ಲಿ ಗೊತ್ತಾಗದಿದ್ದರೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ, ಇಲ್ಲವೇ ಆಶಾ ಕಾರ್ಯಕರ್ತೆಗೆ ಹೇಳಿ. ಗೊತ್ತಾದರೂ ಮಚ್ಚೆ ಹೋಗದೇ ಉಳಿದರೆ ತೋರಿಸಲೇಬೇಕು. 2017ರಿಂದ ಪ್ರತಿ ವರ್ಷ ಜನವರಿ 30ರಂದು ಶುರುವಾಗುವ ‘ಸ್ಪರ್ಶ್’ ಕುಷ್ಠರೋಗ ಅಭಿಯಾನದ ಬಗ್ಗೆ ನೀವು ಕೇಳಿರಬಹುದು. ಸ್ಪರ್ಶ ಅನ್ನೋ ಹೆಸರು ಎಷ್ಟು ಸರಿ ಅಂತ ನನಗೆ ಚಿಕ್ಕಪ್ಪನ ಪಕ್ಕ ಕೂತಿದ್ದಾಗಲೇ ಅರ್ಥವಾದದ್ದು.

ಹೆಜ್ಜೆ 5: ಎಐ ಮಾತು ಕೇಳಿ ಟ್ಯೂಬ್ ತರಬೇಡಿ, ಮನೆಯಲ್ಲಿರುವ ಟ್ಯೂಬನ್ನು ಎಐಗೆ ತೋರಿಸಿ

ದೇಶದ ಟೆಲಿಮೆಡಿಸಿನ್ (ಫೋನ್, ವಿಡಿಯೋ ಮೂಲಕ ಡಾಕ್ಟರ್ ನೋಡುವುದು) ಮಾರ್ಗಸೂಚಿ ಬಂದದ್ದು ಮಾರ್ಚ್ 2020ರಲ್ಲಿ. ಎಐ ತಾನೇ ರೋಗಿಗೆ ಸಲಹೆ ಕೊಡುವುದಕ್ಕಾಗಲಿ, ಔಷಧಿ ಬರೆಯುವುದಕ್ಕಾಗಲಿ ಅವಕಾಶವಿಲ್ಲ ಅಂತ ಅದರಲ್ಲಿ ಸ್ಪಷ್ಟವಾಗಿದೆ. ಡಾಕ್ಟರಿಗೆ ಸಹಾಯ ಮಾಡಬಹುದು ಅಷ್ಟೇ.

ನಮ್ಮ ಜಿಲ್ಲೆಯಲ್ಲಿ ನಾನು ಕಣ್ಣಾರೆ ಕಂಡ ಹಾನಿ ಎಐಗಿಂತ ಟ್ಯೂಬಿನಿಂದಲೇ ಜಾಸ್ತಿ. ಹುಳುಕಡ್ಡಿ ಆಯಿತು ಅಂತ ಅಂಗಡಿಗೆ ಹೋಗಿ ‘ತುರಿಕೆಗೆ ಒಂದು ಕೊಡಿ’ ಅಂದರೆ ಫಂಗಸ್ ಔಷಧಿ, ಆ್ಯಂಟಿಬಯೋಟಿಕ್, ಸ್ಟಿರಾಯ್ಡ್ ಮೂರೂ ಬೆರೆತ ಮುಲಾಮು ಕೈಗೆ ಬರುತ್ತದೆ. ಎರಡು ದಿನದಲ್ಲಿ ತುರಿಕೆ ನಿಲ್ಲುತ್ತದೆ. ಒಳಗೆ ಫಂಗಸ್ ಹಬ್ಬುತ್ತಲೇ ಇರುತ್ತದೆ. ಉಂಗುರದ ಅಂಚು ಅಳಿಸಿ ಹೋಗಿ, ಆಮೇಲೆ ಡಾಕ್ಟರಿಗೂ ಗುರುತು ಹಿಡಿಯುವುದು ಕಷ್ಟ. ಎಐಗಂತೂ ಇನ್ನೂ ಕಷ್ಟ.

ಅದೇ ಟ್ಯೂಬನ್ನು ಮುಖಕ್ಕೆ ಬೆಳ್ಳಗಾಗಲು ಹಚ್ಚುವವರಿದ್ದಾರೆ. ಮೊದಲ ತಿಂಗಳು ಹೊಳಪು ಬರುತ್ತದೆ. ಆಮೇಲೆ ಚರ್ಮ ತೆಳುವಾಗಿ ನರ ಕಾಣುತ್ತದೆ, ಮೊಡವೆ ಏಳುತ್ತದೆ, ಹುಡುಗಿಯರ ಕೆನ್ನೆಯಲ್ಲಿ ಕೂದಲು ಬರುತ್ತದೆ, ಬಿಸಿಲಿಗೆ ಹೋದರೆ ಉರಿ. ಬಿಟ್ಟರೆ ಇನ್ನೂ ಕೆರಳುತ್ತದೆ, ಅದಕ್ಕೇ ಮತ್ತೆ ಹಚ್ಚುತ್ತಾರೆ. 2018ರಲ್ಲಿ ಕೇಂದ್ರ ಸರ್ಕಾರ ಹಲವು ಸ್ಟಿರಾಯ್ಡ್ ಮುಲಾಮುಗಳನ್ನು ಷೆಡ್ಯೂಲ್ ಎಚ್‌ಗೆ ಸೇರಿಸಿತು. ಅಂದರೆ ಚೀಟಿ ಇಲ್ಲದೆ ಮಾರುವಂತಿಲ್ಲ.

ಇಲ್ಲಿ ಎಐ ನಿಜವಾಗಿ ಕೆಲಸಕ್ಕೆ ಬರುತ್ತದೆ. ಟ್ಯೂಬಿನ ಹಿಂದೆ ಇರುವ ಸಣ್ಣ ಇಂಗ್ಲಿಷ್ ಅಕ್ಷರ ಓದಲು ನಮ್ಮ ಅತ್ತೆಗೆ ಆಗುವುದಿಲ್ಲ, ನನಗೂ ಕನ್ನಡಕ ಬೇಕು. ಫೋಟೋ ತೆಗೆದು ಹೀಗೆ ಕೇಳಿ: ‘ಇದರಲ್ಲಿರುವ ಔಷಧಿಗಳ ಹೆಸರನ್ನು ಕನ್ನಡದಲ್ಲಿ ಓದಿ ಹೇಳು. ಯಾವುದಾದರೂ ಸ್ಟಿರಾಯ್ಡ್ ಇದೆಯಾ? ಅವಧಿ ಮುಗಿದಿದೆಯಾ?’ ಕ್ಲೋಬೆಟಾಸಾಲ್, ಬೆಟಾಮೆಥಾಸೋನ್, ಮೊಮೆಟಾಸೋನ್, ಬೆಕ್ಲೋಮೆಥಾಸೋನ್ ಅಂತ ಬಂದರೆ ಅದು ಸ್ಟಿರಾಯ್ಡ್. ಹೆಸರನ್ನು ಟ್ಯೂಬಿನ ಅಕ್ಷರದ ಜೊತೆ ಒಮ್ಮೆ ಹೋಲಿಸಿ ನೋಡಿ, ಮಡಚಿದ ಟ್ಯೂಬನ್ನು ಎಐ ತಪ್ಪಾಗಿ ಓದುವುದುಂಟು. ಸ್ಟಿರಾಯ್ಡ್ ಅಂತ ಗೊತ್ತಾದ ತಕ್ಷಣ ಹೆದರಿ ಎಸೆಯಬೇಡಿ. ತಿಂಗಳುಗಟ್ಟಲೆ ಹಚ್ಚಿದ್ದರೆ ಹೇಗೆ ಬಿಡಬೇಕು ಅಂತ ಡಾಕ್ಟರೇ ಹೇಳಬೇಕು. ಡಾಕ್ಟರ್ ಬರೆದುಕೊಟ್ಟ ಸ್ಟಿರಾಯ್ಡ್ ಆದರೆ ಅವರು ಹೇಳಿದಷ್ಟು ದಿನ ಹಚ್ಚಿ. ಔಷಧಿ ಕೆಟ್ಟದ್ದಲ್ಲ, ಲೆಕ್ಕವಿಲ್ಲದೆ ಹಚ್ಚುವುದು ಕೆಟ್ಟದ್ದು.

ಡಬ್ಬಿಯ ಮೇಲೆ ಏನಿದೆ ಅಂತಲೇ ಬರೆಯದ ಬೆಳ್ಳಗಾಗುವ ಕ್ರೀಮ್ ಇದ್ದರೆ ಎಐ ಏನೂ ಹೇಳಲಾರದು. 2023ರಲ್ಲಿ ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಇಂಥ ಕ್ರೀಮ್ ಹಚ್ಚಿದವರಿಗೆ ಕಿಡ್ನಿ ತೊಂದರೆ ಬಂದದ್ದು ಬೆಳಕಿಗೆ ಬಂತು. ಕಾರಣ ಅದರಲ್ಲಿದ್ದ ಪಾದರಸ. ಅಂಥದ್ದನ್ನು ಬಳಸಲೇಬೇಡಿ.

ಹೆಜ್ಜೆ 6: ಮುಖಕ್ಕೆ ಅಂಕ ಕೊಡುವ ಆ್ಯಪ್‌ಗಳು

ಸೆಲ್ಫಿ ತೆಗೆದರೆ ‘ನಿಮ್ಮ ಚರ್ಮಕ್ಕೆ ನೂರಕ್ಕೆ ಇಷ್ಟು’ ಅನ್ನುವ ಆ್ಯಪ್‌ಗಳಿವೆಯಲ್ಲ, ಅವುಗಳಲ್ಲಿ ಬಹಳಷ್ಟು ಕಡೆಗೆ ಬಂದು ನಿಲ್ಲುವುದು ಕ್ರೀಮಿನ ಪುಟಕ್ಕೆ. ಒಂದೇ ಮುಖವನ್ನು ಕಿಟಕಿ ಹತ್ತಿರ ಒಮ್ಮೆ, ಅಡುಗೆಮನೆಯಲ್ಲಿ ಒಮ್ಮೆ ತೋರಿಸಿ ನೋಡಿ. ನನಗೆ ಬೇರೆ ಬೇರೆ ಅಂಕ ಬಂತು. ಹತ್ತನೇ ಕ್ಲಾಸಿನ ಹುಡುಗಿಯರು ಆ ಅಂಕ ನೋಡಿ ಮುಖ ಸಣ್ಣ ಮಾಡಿಕೊಳ್ಳುವುದು ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ. ಬಂಗು ಇದ್ದವರಿಗೆ, ಬಿಸಿಲಲ್ಲಿ ಓಡಾಡುವವರಿಗೆ ಎಸ್‌ಪಿಎಫ್ 30 ಅಥವಾ ಮೇಲಿನ ಸನ್‌ಸ್ಕ್ರೀನ್ ಬೇಕು. ಮುಖಕ್ಕೂ ಕುತ್ತಿಗೆಗೂ ಸೇರಿ ಎರಡು ಬೆರಳುದ್ದ ಹಿಂಡಿ ಹಚ್ಚಿ. ತಲೆ ಮೇಲೆ ಸೆರಗು, ಟೋಪಿ ಇದ್ದರೆ ಇನ್ನೂ ಒಳ್ಳೆಯದು. ಇದಕ್ಕೆ ಆ್ಯಪ್ ಬೇಕಿಲ್ಲ.

ಹೆಜ್ಜೆ 7: ಹುಟ್ಟುಮಚ್ಚೆ, ಅಂಗಾಲು, ಉಗುರು

ನಮ್ಮಲ್ಲಿ ಚರ್ಮದ ಕ್ಯಾನ್ಸರ್ ಬಿಳಿಯರಿಗಿಂತ ತುಂಬಾ ಕಡಿಮೆ. ಆದರೆ ಕಪ್ಪು ಮೈಬಣ್ಣದವರಿಗೆ ಮೆಲನೋಮ ಅನ್ನೋ ಚರ್ಮದ ಕ್ಯಾನ್ಸರ್ ಬಂದರೆ ಬಿಸಿಲು ಬೀಳದ ಜಾಗದಲ್ಲೇ ಜಾಸ್ತಿ: ಅಂಗಾಲು, ಅಂಗೈ, ಉಗುರಿನ ಕೆಳಗೆ. 1981ರಲ್ಲಿ ತೀರಿಕೊಂಡ ಹಾಡುಗಾರ ಬಾಬ್ ಮಾರ್ಲಿಗೆ ಅದು ಶುರುವಾದದ್ದು ಕಾಲಿನ ಹೆಬ್ಬೆರಳಿನ ಉಗುರಿನ ಕೆಳಗೆ. ಬರಿಗಾಲಲ್ಲಿ ಹೊಲ ಸುತ್ತುವವರು ‘ಕಲ್ಲು ತಾಗಿರಬೇಕು’ ಅಂತ ಬಿಟ್ಟುಬಿಡುತ್ತಾರೆ. ಇಲ್ಲಿ ಎಐಗಿಂತ ಬರೀ ಕ್ಯಾಮೆರಾ ಸಾಕು. ತಿಂಗಳಿಗೊಮ್ಮೆ, ಅದೇ ಜಾಗದಲ್ಲಿ ಕೂತು, ಸ್ಕೇಲ್ ಇಟ್ಟು ಒಂದು ಫೋಟೋ ತೆಗೆಯಿರಿ. ಪೆಟ್ಟಿನ ಕಪ್ಪು ಉಗುರು ಬೆಳೆದಂತೆ ಮುಂದಕ್ಕೆ ಸರಿಯುತ್ತದೆ. ಸರಿಯದೆ ಅಗಲವಾದರೆ, ಪಕ್ಕದ ಚರ್ಮಕ್ಕೂ ಹರಡಿದರೆ ಡಾಕ್ಟರಿಗೆ ತೋರಿಸಿ. ಮೈಮೇಲಿನ ಮಚ್ಚೆ ಬೆಳೆಯುತ್ತಿದ್ದರೆ, ಅಂಚು ಅಂಕುಡೊಂಕಾದರೆ, ಎರಡು ಮೂರು ಬಣ್ಣ ಬಂದರೆ, ರಕ್ತ ಜಿನುಗಿದರೆ, 6 ಮಿಲಿಮೀಟರಿಗಿಂತ ದೊಡ್ಡದಾದರೆ ಹೋಗಲೇಬೇಕು.

ಹೆಜ್ಜೆ 8: ಯಾವ ಫೋಟೋ ಹಾಕಬಾರದು

ಗುಪ್ತ ಜಾಗದ್ದು, ಮಕ್ಕಳ ಬರಿಮೈಯದ್ದು ಯಾವ ಆ್ಯಪ್‌ಗೂ ಬೇಡ. ಹುಳುಕಡ್ಡಿ ತೊಡೆಸಂದಿಯಲ್ಲೇ ಜಾಸ್ತಿ, ನಾಚಿಕೆಗೆ ಡಾಕ್ಟರ್ ಬಿಟ್ಟು ಫೋನಿಗೆ ತೋರಿಸುವವರು ತುಂಬಾ ಜನ. ಅದನ್ನು ಬಾಯಲ್ಲಿ ಹೇಳಿದರೆ ಸಾಕು, ಡಾಕ್ಟರ್ ನೋಡುತ್ತಾರೆ. ಉಳಿದ ಫೋಟೋಗಳಲ್ಲೂ ಮುಖ ಬೇಡದಿದ್ದರೆ ಕತ್ತರಿಸಿ. ಮನೆಯವರ ಫೋನ್‌ಗಳೆಲ್ಲ ಒಂದೇ ಖಾತೆಯಲ್ಲಿದ್ದರೆ ಗ್ಯಾಲರಿ ತಾನಾಗೇ ಎಲ್ಲರಿಗೂ ಹೋಗಬಹುದು, ಅದನ್ನು ಮೊದಲು ನೋಡಿಕೊಳ್ಳಿ.

ಹೆಜ್ಜೆ 9: ಡಾಕ್ಟರ್ ಹತ್ತಿರ ಹೋಗುವಾಗ

ಊರಿಂದ ಬರಲು ಆಗದಿದ್ದರೆ ಸರ್ಕಾರದ ಇ-ಸಂಜೀವನಿಯಲ್ಲಿ ಮನೆಯಿಂದಲೇ ಉಚಿತವಾಗಿ ಡಾಕ್ಟರ್ ಜೊತೆ ಮಾತಾಡಬಹುದು. ನಿಮ್ಮ ಮೂರು ಫೋಟೋ, ಹತ್ತು ಸಾಲು ಅಲ್ಲಿ ಕೆಲಸಕ್ಕೆ ಬರುತ್ತವೆ. ಮುಟ್ಟಿ ನೋಡಬೇಕಾದ್ದಕ್ಕೆ ದಾವಣಗೆರೆಯಲ್ಲಿ ಚಿಗಟೇರಿ ಜಿಲ್ಲಾ ಆಸ್ಪತ್ರೆ, ಚಿತ್ರದುರ್ಗದಲ್ಲಿ ಅಲ್ಲಿನ ಜಿಲ್ಲಾ ಆಸ್ಪತ್ರೆ ಇವೆ. ಬೆಳಗ್ಗೆ ಬೇಗ ಹೋಗಿ ಚೀಟಿ ಮಾಡಿಸಿ.

ಅವತ್ತು ಬೆಳಗ್ಗೆ ಆ ಜಾಗಕ್ಕೆ ಏನೂ ಹಚ್ಚಬೇಡಿ. ಈವರೆಗೆ ಹಚ್ಚಿದ ಟ್ಯೂಬ್‌ಗಳನ್ನೆಲ್ಲ, ಖಾಲಿಯಾದದ್ದನ್ನೂ, ಚೀಲಕ್ಕೆ ಹಾಕಿಕೊಳ್ಳಿ. ನಾಟಿ ಔಷಧಿ ಹಚ್ಚಿದ್ದರೆ ಮುಚ್ಚಿಡಬೇಡಿ. ‘ಎಐ ಹೀಗೆ ಹೇಳಿದೆ’ ಅಂತ ಶುರು ಮಾಡಬೇಡಿ. ಮೊದಲು ನಿಮ್ಮ ಹತ್ತು ಸಾಲು ಓದಿ, ಅವರು ನೋಡಿ ಮುಗಿಸಲಿ, ಕೊನೆಗೆ ಬೇಕಿದ್ದರೆ ಕೇಳಿ. ಬರೆದುಕೊಟ್ಟದ್ದನ್ನು ಎಷ್ಟು ದಿನ, ದಿನಕ್ಕೆ ಎಷ್ಟು ಸಲ ಹಚ್ಚಬೇಕು ಅಂತ ಅಲ್ಲೇ ಕೇಳಿ ಬರೆದುಕೊಳ್ಳಿ.

ಆಮೇಲೆ ಪ್ರತಿ ಭಾನುವಾರ ಅದೇ ಜಗಲಿ, ಅದೇ ಹೊತ್ತು, ಅದೇ ದೂರದಿಂದ ಒಂದು ಫೋಟೋ. ಚಿಕ್ಕಪ್ಪನ ಮಗ ಈಗ ಆ ಕೆಲಸ ಮಾಡುತ್ತಾನೆ. ಕಳೆದ ಸಲ ತೋರಿಸಲು ಹೋದಾಗ ಡಾಕ್ಟರ್ ಇಪ್ಪತ್ತಾರು ಫೋಟೋಗಳನ್ನು ಒಂದೊಂದಾಗಿ ಸರಿಸಿ ನೋಡಿದರು. ಆಮೇಲೆ ಫೋನ್ ಪಕ್ಕಕ್ಕಿಟ್ಟು ಹತ್ತಿ ತೆಗೆದುಕೊಂಡರು.